ಸರದಿಯ ನೀರು

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ನೆನಪೊಂದನ್ನು ಬರೆದುಕೊಡಿರೆಂದು ಮಿತ್ರರು ಕೇಳಿದಾಗ ನನ್ನ ಕಣ್ಣೆದುರು ಬಂದುದು ತರಗತಿಯ ಕೋಣೆಯಲ್ಲ, ನಮ್ಮ ಹತ್ತಿಯ ಹೊಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದವಾನಿ ಸೀಮೆಯಲ್ಲಿ ನಮ್ಮಂತಹ ಮನೆಗಳ ಮಕ್ಕಳ ಓದು ಹತ್ತಿಯ ಫಸಲನ್ನೇ ನೆಚ್ಚಿಕೊಂಡಿತ್ತೆಂಬುದನ್ನು ಹಿರಿಯ ಓದುಗರು ಬಲ್ಲರು.

ತುಂಗಭದ್ರಾ ಕೆಳಮಟ್ಟದ ಕಾಲುವೆಯ ಒಂದು ಕವಲಿನ ತುದಿಯಲ್ಲಿ ನಮ್ಮ ಹೊಲವಿತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ, ಗಿಡಗಳು ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೇ ಮೂರು ವಾರ ನೀರು ಬರಲಿಲ್ಲ. ಬಿತ್ತಿದ ಸುಮಾರು 60ರಿಂದ 100 ದಿನಗಳವರೆಗಿನ ಆ ಅವಧಿಯಲ್ಲಿಯೇ ಹತ್ತಿಗೆ ನೀರಿನ ಅಗತ್ಯ ಹೆಚ್ಚು. ಎಳೆಯ ಗಿಡ ತುಸು ಬಾಯಾರಿದರೆ ಬೇರನ್ನು ಆಳಕ್ಕಿಳಿಸಿ ಬದುಕೀತು. ಹೂವಿನ ಕಾಲದಲ್ಲಿ ಬಾಯಾರಿದ ಗಿಡ ಮೊಗ್ಗು ಹೀಚುಗಳನ್ನು ಉದುರಿಸಿಬಿಡುತ್ತದೆ. ಎರೆಮಣ್ಣು ಕೈ ತೂರುವಷ್ಟು ಬಿರಿದಿತ್ತು.

ಕೊನೆಗೆ ನಮ್ಮ ಸರದಿ ಬಂದ ರಾತ್ರಿ ಅಪ್ಪ ಊರಿನಲ್ಲಿರಲಿಲ್ಲ. "ಸಾಲು ಬಿಟ್ಟು ಸಾಲು ಹಾಯಿಸಪ್ಪಾ, ನೀರು ನಿಲ್ಲಗೊಡಬೇಡ" ಎಂದು ಪಕ್ಕದ ಹೊಲದ ತಾತ ಹೇಳಿದರು. ಮತ್ತೆ ಎಂದು ನೀರು ಬರುವುದೋ ಎಂಬ ಆಸೆಬುರುಕತನದಿಂದ ನಾನು ಬೆಳಗಿನ ತನಕ ಎಲ್ಲ ಸಾಲುಗಳಿಗೂ ಹಾಯಿಸಿದೆನು. ಬಿರುಕುಗಳು ಮೊದಲು ಗಟಗಟನೆ ಕುಡಿದವು, ಬಳಿಕ ಮುಚ್ಚಿಕೊಂಡವು. ಹೊಲ ಕೆರೆಯಾಯಿತು.

ಮರುದಿನವೇ ಉರಿಬಿಸಿಲು. ನೀರಿನಲ್ಲಿಯೇ ನಿಂತ ಗಿಡಗಳು ಬಾಡತೊಡಗಿದವು! ಮಣ್ಣಿನೊಳಗಿನ ಗಾಳಿಯನ್ನು ನೀರು ಹೊರದೂಡಿದರೆ ಬೇರು ಉಸಿರಾಡಲಾರದು, ನೀರನ್ನು ಹೀರಲೂ ಆರದು. ಬಹುದಿನ ಒಣಗಿ ಕಾಯಿಹೊತ್ತ ಗಿಡಕ್ಕಂತೂ ಈ ಹಠಾತ್ ಬದಲಾವಣೆ ಮಾರಕವೆಂದು ನಾನು ತಿಳಿದುದು ಎಷ್ಟೋ ವರ್ಷಗಳ ಮೇಲೆ. ವಾರದೊಳಗೆ ಸಾಲಿನ ತುಂಬ ಹಳದಿ ಮೊಗ್ಗುಗಳು. ಅಪ್ಪ ಬಂದು ಒಂದು ಬೊಗಸೆ ಆರಿಸಿ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೂವು ಅರಳಿದ ಮೇಲೆ ಕಾಯಿ ಬಿರಿಯಲು ಸುಮಾರು 50 ದಿನ ಬೇಕು. ಆದ್ದರಿಂದ ಆ ರಾತ್ರಿಯ ಲೆಕ್ಕ ನಮಗೆ ತಿಳಿದುದು ದೀಪಾವಳಿ ಕಳೆದ ಬಳಿಕವೇ. ತಾತನ ಹೊಲ ಬೆಳ್ಳಗೆ ನಗುತ್ತಿದ್ದಾಗ ನಮ್ಮ ಗಿಡಗಳಲ್ಲಿ ಬರಿಯ ಕಡ್ಡಿ. ಆದವಾನಿಯ ಮಾರುಕಟ್ಟೆಗೆ ಹೊರಟ ನಮ್ಮ ಬಂಡಿ ಅರ್ಧವೂ ತುಂಬಲಿಲ್ಲ.

ಇಬ್ಬರ ಓದಿನ ಖರ್ಚು ಆ ಬಂಡಿಯಲ್ಲಿರಲಿಲ್ಲ. ಎಂಟನೆಯ ತರಗತಿಯಲ್ಲಿದ್ದ ತಂಗಿ ನಡುವರ್ಷದಲ್ಲಿ ಶಾಲೆ ಬಿಟ್ಟು, ಅನ್ಯರ ಹೊಲಕ್ಕೆ ಹತ್ತಿ ಬಿಡಿಸುವ ಕೂಲಿಗೆ ಹೋದಳು. ತಪ್ಪು ಮಾಡಿದವನು ನಾನು; ಓದು ಮುಂದುವರಿದುದೂ ನನ್ನದೇ. ಲೆಕ್ಕದಲ್ಲಿ ಅವಳು ನನಗಿಂತ ಜಾಣೆಯಾಗಿದ್ದಳು.

ಈ ಸಂಚಿಕೆಗಾಗಿ ಹಳೆಯ ಹಾಜರಿ ಪುಸ್ತಕಗಳನ್ನು ತೆರೆದಾಗ ಅವಳ ಹೆಸರನ್ನು ಹುಡುಕಿದೆನು. ಕಾರ್ತಿಕದವರೆಗೆ ಹಾಜರಿಯಿದೆ. ಆಮೇಲೆ ಕೆಂಪು ಶಾಯಿಯ ಒಂದು ಗೆರೆ.