ಬಿಡಾರ ಬದಲಾವಣೆ

ಬಾಡಿಗೆಯ ಮನೆಯೊಂದರಲ್ಲಿ ಬಹುಕಾಲವಿದ್ದು ಬೇರೊಂದಕ್ಕೆ ಹೋದವರಿಗೆಲ್ಲ ಒಂದು ಸಂಗತಿ ತಿಳಿದೇ ಇರುವುದು. ಸಾಮಾನುಗಳನ್ನು ಗಾಡಿಗೇರಿಸುವುದು ಅಷ್ಟು ದೊಡ್ಡ ಕೆಲಸವಲ್ಲ. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ನಿಷ್ಕರ್ಷಿಸುವುದೇ ದೊಡ್ಡ ಕೆಲಸ. ಈಚೆಗೆ ನಮ್ಮ ಪಾಲಿಗೆ ಬಂದಿರುವ ಬಿಡಾರ ಬದಲಾವಣೆಯಾದರೋ ಕಣ್ಣಿಗೆ ಕಾಣದ ಮನೆಯದು. ಅದರ ವಿಚಾರವು ಗೃಹಸ್ಥರಿಗೂ ಪ್ರಯೋಜನವಾದೀತೆಂದು ನಂಬಿ ಇಲ್ಲಿ ನಿವೇದಿಸುತ್ತೇವೆ.

ನಾವು ಕೆಲವರು ಸೇರಿ, ಸಂಬಳದ ಅಪೇಕ್ಷೆಯಿಲ್ಲದೆ, ಬಿಡುವಿನ ವೇಳೆಯಲ್ಲಿ ಒಂದು ಮುಕ್ತ ತಂತ್ರಾಂಶವನ್ನು ನೋಡಿಕೊಂಡು ಬರುತ್ತಿದ್ದೇವೆ. ಮುಕ್ತವೆಂದರೆ ಅದರ ಒಳಗಿನ ಬರಹವೆಲ್ಲ ಎಲ್ಲರಿಗೂ ತೆರೆದಿರತಕ್ಕದ್ದು. ಬೇಕಾದವರು ಓದಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಬಳಸುವ ಕ್ರಮವನ್ನು ತಿಳಿಸುವ ಪುಟಗಳು ಒಂದು ವಿಕಿಯಲ್ಲಿವೆ. ವಿಕಿಯೆಂಬುದು ಓದುವವನೇ ತಿದ್ದಬಹುದಾದ ಪುಸ್ತಕ. 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ಇದನ್ನು ಮೊದಲು ಏರ್ಪಡಿಸಿ, ಹವಾಯಿ ಭಾಷೆಯಲ್ಲಿ ‘ಬೇಗ’ ಎಂಬರ್ಥವುಳ್ಳ ಮಾತನ್ನೇ ಅದಕ್ಕೆ ಹೆಸರಾಗಿ ಇಟ್ಟರು. ನಮ್ಮ ವಿಕಿಯಲ್ಲಿ ಪ್ರತಿಯೊಂದು ತಿದ್ದುಪಡಿಯೂ, ಯಾರು, ಯಾವಾಗ, ಏನನ್ನು ತಿದ್ದಿದರೆಂಬ ಲೆಕ್ಕದೊಡನೆ ಪುಟದ ಹಿಂದೆ ಉಳಿಯುತ್ತದೆ.

ಈ ವಿಕಿಯನ್ನು ನಡೆಸುವ ತಂತ್ರಾಂಶ ಮೀಡಿಯಾವಿಕಿ. ವಿಕಿಪೀಡಿಯವೂ ಇದರ ಮೇಲೆಯೇ ನಿಂತಿದೆ. ನಮ್ಮಲ್ಲಿರುವುದು 2016ರಲ್ಲಿ ಬಂದ 1.27ನೆಯ ಆವೃತ್ತಿ. 2019ರಿಂದೀಚೆಗೆ ಅದಕ್ಕೆ ಭದ್ರತೆಯ ದುರಸ್ತಿಗಳು ಬರುತ್ತಿಲ್ಲ. ಬೀಗ ಸಡಿಲವಾದ ಮನೆಯಲ್ಲಿ ನೆರೆಹೊರೆಯವರ ಒಡವೆಯನ್ನು ಇಟ್ಟುಕೊಳ್ಳುವುದು ಹೇಗೆ ಸಲ್ಲದೋ, ಹಾಗೆಯೇ ಇಂಥ ಜಾಗದಲ್ಲಿ ಅನ್ಯರ ಬರಹವನ್ನೂ ಗುಪ್ತಪದಗಳನ್ನೂ ಇಡುವುದು ಸಲ್ಲದು. ಆದಕಾರಣ 2024ರ ಡಿಸೆಂಬರಿನಲ್ಲಿ ಹೊರಬಂದ 1.43ನೆಯ ಆವೃತ್ತಿಗೆ ಏರಬೇಕೆಂದೂ, ಅದರ ಜೊತೆಯಲ್ಲೇ ಹೊಸ ಯಂತ್ರಕ್ಕೆ ಹೋಗಬೇಕೆಂದೂ ತೀರ್ಮಾನಿಸಿದೆವು.

ಆದರೆ ಒಂದೇ ನೆಗೆತಕ್ಕೆ ಏರುವಂತಿಲ್ಲ. 1.35ಕ್ಕಿಂತ ಹಳೆಯದಾದ ದತ್ತಕೋಶವನ್ನು 1.43 ನೇರವಾಗಿ ಅಂಗೀಕರಿಸುವುದಿಲ್ಲ. ಸಾಲದುದಕ್ಕೆ, ಇವನ್ನು ಬರೆದಿರುವ ಪಿಎಚ್‌ಪಿ ಭಾಷೆಯೂ ಬೆಳೆದಿದೆ; 1.35ಕ್ಕೆ ಅದರ 7.3 ಸಾಕು, 1.43ಕ್ಕೆ 8.1 ಆದರೂ ಬೇಕು. ಆದುದರಿಂದ ದೂರದ ಯಾತ್ರಿಕರು ನಡುವೆ ಛತ್ರದಲ್ಲಿ ಇಳಿಯುವಂತೆ, ತಾತ್ಕಾಲಿಕವಾದ ಒಂದು ಯಂತ್ರದಲ್ಲಿ 1.35ಕ್ಕೆ ಏರಿ, ಅಲ್ಲಿಂದ ಮುಂದಕ್ಕೆ ಪ್ರಯಾಣ ಮಾಡಬೇಕು.

ಇದನ್ನು ಕೇಳಿ ನಮ್ಮ ಕಿರಿಯ ಮಿತ್ರನೊಬ್ಬನು, “ಇಷ್ಟೆಲ್ಲ ತಾಪತ್ರಯವೇಕೆ ಸಾರ್? ಇವೊತ್ತು ಕಾಣುವ ಪುಟಗಳನ್ನು ಮಾತ್ರ ನಕಲು ಮಾಡಿ ಹೊಸ ವಿಕಿಯಲ್ಲಿ ಹಾಕಿಬಿಡೋಣ. ಹಳೆಯ ತಿದ್ದುಪಡಿಗಳನ್ನು ಓದುವವರಾದರೂ ಯಾರು?” ಎಂದನು. ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಹಾಗೆ ಮಾಡಿದರೆ ಎರಡು ದಿನದ ಕೆಲಸ. ಇಲ್ಲವಾದರೆ ಎರಡು ತಿಂಗಳಿನದು.

ಆದರೆ ನಮ್ಮ ಮೊದಲ ಪುಟಗಳನ್ನು ಬರೆದ ಹಿರಿಯರೊಬ್ಬರು ಈಗ ಇಲ್ಲ. ಅವರ ವಾಕ್ಯಗಳು ಹತ್ತು ಜನರ ಕೈಯಲ್ಲಿ ತಿದ್ದಲ್ಪಟ್ಟು ಇಂದಿನ ಪುಟದಲ್ಲಿ ಬೆರೆತುಹೋಗಿವೆ; ಅವರ ಹೆಸರು ಉಳಿದಿರುವುದು ಆ ಹಳೆಯ ತಿದ್ದುಪಡಿಗಳ ಪಟ್ಟಿಯಲ್ಲಿ ಮಾತ್ರ. ಇಂದಿನ ಪುಟವನ್ನಷ್ಟೇ ನಕಲು ಮಾಡಿದರೆ, ಹೊಸ ವಿಕಿಯಲ್ಲಿ ಎಲ್ಲ ಪುಟಗಳ ಕರ್ತೃವೆಂದು ಕಾಣುವುದು ನಕಲು ಮಾಡಿದವನ ಹೆಸರು! ಬರೆದವರು ತಮ್ಮ ಶ್ರಮವನ್ನು ಲೋಕಕ್ಕೆ ಉಚಿತವಾಗಿ ಕೊಟ್ಟು, ಪ್ರತಿಯಾಗಿ ಕೇಳಿದುದು ಹೆಸರಿನ ಸ್ಮರಣೆಯೊಂದನ್ನೇ. ಅದು ನಮ್ಮ ಪರವಾನಗಿಯ ನಿಬಂಧನೆಯೂ ಹೌದು.

ವಿಕಿಪೀಡಿಯದ ಚರಿತ್ರೆಯೇ ಇದಕ್ಕೆ ಎಚ್ಚರಿಕೆಯ ಮಾತು. 2001ರ ಜನವರಿಯಲ್ಲಿ ಹುಟ್ಟಿದಾಗ ಅದು ಯೂಸ್‌ಮಾಡ್‌ವಿಕಿ ಎಂಬ ಚಿಕ್ಕ ತಂತ್ರಾಂಶದ ಮೇಲಿತ್ತು. ಹಳೆಯ ಪ್ರತಿಗಳನ್ನು ಬಹುಕಾಲ ಇಟ್ಟುಕೊಳ್ಳುವ ಅಭ್ಯಾಸ ಅದಕ್ಕಿರಲಿಲ್ಲ. 2002ರ ಜನವರಿಯಲ್ಲಿ ಮಾಗ್ನುಸ್ ಮಾನ್ಸ್ಕೆಯವರು ಬರೆದ ಹೊಸ ತಂತ್ರಾಂಶಕ್ಕೆ ವರ್ಗಾವಣೆಯಾಯಿತು. ಮೊದಲ ತಿಂಗಳುಗಳ ತಿದ್ದುಪಡಿಗಳಲ್ಲಿ ಅನೇಕವು ನಷ್ಟವಾದುವೆಂದೇ ಎಲ್ಲರೂ ಭಾವಿಸಿದ್ದರು. 2010ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬವರಿಗೆ ಹಳೆಯ ಕಡತಗಳ ನಡುವೆ 2001ರ ಆಗಸ್ಟಿನವರೆಗಿನ ಪ್ರತಿಯೊಂದು ಸಿಕ್ಕಿತು. ಅಂಥ ಅದೃಷ್ಟವನ್ನು ನೆಚ್ಚಿಕೊಂಡು ಯೋಜನೆ ಹಾಕುವುದು ವಿವೇಕವಲ್ಲ.

ಆದುದರಿಂದ ಎಲ್ಲವನ್ನೂ ಒಯ್ಯುವುದೆಂದು ನಿಶ್ಚಯವಾಯಿತು. ನಮ್ಮ ಯೋಜನೆಯ ಕ್ರಮವಿದು. ಮೊದಲು ಪ್ರತಿಯನ್ನು ತೆಗೆಯುವುದು. ದತ್ತಕೋಶದಲ್ಲಿ ಬರಹವಿರುವುದೇ ಹೊರತು ಚಿತ್ರಗಳಿರುವುದಿಲ್ಲ. ಅವನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕು. ಪ್ರತಿಯಿದೆಯೆಂದು ಸಮಾಧಾನಪಡುವುದು ಬೇರೆ, ಅದರಿಂದ ವಿಕಿಯನ್ನು ಮತ್ತೆ ಎಬ್ಬಿಸಿ ನೋಡುವುದು ಬೇರೆ, ಎರಡನೆಯದೇ ಪರೀಕ್ಷೆ. ಬಳಿಕ ಕನ್ನಡದ ಪುಟಗಳನ್ನು ತೆರೆದು ನೋಡಬೇಕು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟುಗಳು ಬೇಕು. ಐರೋಪ್ಯ ಲಿಪಿಯದೆಂದು ಗುರುತುಮಾಡಿಟ್ಟ ಹಳೆಯ ಕೋಷ್ಠಕದಿಂದ ಅವನ್ನು ಅಜಾಗರೂಕತೆಯಿಂದ ತೆಗೆದರೆ ‘ಕನ್ನಡ’ವೆಂಬ ಮಾತೇ ಅರ್ಥವಿಲ್ಲದ ರೋಮನ್ ಗೀಟುಗಳಾಗಿ ಒಡೆದುಹೋಗುತ್ತದೆ.

ವಿಳಾಸಗಳದು ಇನ್ನೊಂದು ಚಿಂತೆ. ನಮ್ಮ ಪುಟಗಳ ವಿಳಾಸಗಳನ್ನು ಯಾರು ಯಾರೋ ಎಲ್ಲೆಲ್ಲೋ ಬರೆದಿಟ್ಟುಕೊಂಡಿದ್ದಾರೆ. ಜಾಲವನ್ನು ನಿರ್ಮಿಸಿದ ಟಿಮ್ ಬರ್ನರ್ಸ್-ಲೀಯವರು ವಿಳಾಸಗಳು ಬದಲಾಗಬಾರದೆಂದು 1998ರಲ್ಲಿಯೇ ವಾದಿಸಿದ್ದರು. ಅನಿವಾರ್ಯವಾಗಿ ಬದಲಾದವಕ್ಕೆ, ಅಂಚೆಯವನು ಕಾಗದವನ್ನು ಹೊಸ ಮನೆಗೆ ತಿರುಗಿಸುವಂತೆ, ಹಳೆಯದರಿಂದ ಹೊಸದಕ್ಕೆ ದಾರಿಯನ್ನು ಏರ್ಪಡಿಸುತ್ತೇವೆ. ಹೆಸರಿನಿಂದ ಯಂತ್ರವನ್ನು ತೋರಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯು ನಮ್ಮ ಹಳೆಯ ಸ್ಥಳವನ್ನು ಒಂದು ದಿನದವರೆಗೆ ನೆನಪಿಟ್ಟುಕೊಳ್ಳುತ್ತದೆ. ಆ ಅವಧಿಯನ್ನು ಕೆಲವು ದಿನ ಮುಂಚಿತವಾಗಿಯೇ 300 ಸೆಕೆಂಡಿಗೆ ಇಳಿಸತಕ್ಕದ್ದು. ಕೊನೆಯ ಪ್ರತಿ ತೆಗೆಯುವಾಗ ವಿಕಿಯನ್ನು ಓದುವುದಕ್ಕೆ ಮಾತ್ರ ತೆರೆದಿಟ್ಟು, ತಿದ್ದುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಆ ಗಳಿಗೆಯಲ್ಲಿ ಬರೆದವರ ಶ್ರಮ ಹಳೆಯ ಮನೆಯಲ್ಲಿಯೇ ಉಳಿದುಹೋಗುವುದು.

ಬೇರೆಯ ಯಂತ್ರದಲ್ಲಿ ಎರಡು ಸಲ ಅಭ್ಯಾಸ ಮಾಡಿ, ಪುಟಗಳ ಸಂಖ್ಯೆ, ತಿದ್ದುಪಡಿಗಳ ಸಂಖ್ಯೆ, ಬರೆದವರ ಹೆಸರುಗಳು ಈ ಮೂರೂ ತಾಳೆಯಾದ ಮೇಲೆಯೇ ದಿನವನ್ನು ಗೊತ್ತುಮಾಡುವುದೆಂದು ಒಪ್ಪಿದ್ದೇವೆ. ಹೆಸರುಗಳನ್ನು ತಾಳೆ ನೋಡುವ ಕೆಲಸವನ್ನು ಆ ಕಿರಿಯ ಮಿತ್ರನೇ ವಹಿಸಿಕೊಂಡಿದ್ದಾನೆ. ಪಟ್ಟಿಯಲ್ಲಿ ತನ್ನ ಮೊದಲ ತಿದ್ದುಪಡಿಯೂ ಸಿಕ್ಕಿತೆಂದು ಮೊನ್ನೆ ತಿಳಿಸಿದನು. ಒಂದು ಕಾಗುಣಿತವನ್ನು ಸರಿಪಡಿಸಿದ್ದನಂತೆ.

ಹೊಸ ಮನೆಗೆ ಹೋದ ಮೇಲೂ ಹಳೆಯ ಯಂತ್ರವನ್ನು ಒಂದು ತಿಂಗಳು ಮುಟ್ಟದೆ ಇಡುತ್ತೇವೆ. ಅದರ ಬಾಡಿಗೆ ದಂಡವೆಂದು ಕೆಲವರಿಗೆ ತೋರಬಹುದು. ಆದರೆ ಹಳೆಯ ಫೋನಿನಿಂದ ಹೊಸದಕ್ಕೆ ಮನೆಯವರ ಭಾವಚಿತ್ರಗಳನ್ನು ಸಾಗಿಸುವ ಗೃಹಸ್ಥರಿಗೂ ನಾವು ಹೇಳಬಹುದಾದುದು ಇಷ್ಟೇ: ಹೊಸದರಲ್ಲಿ ಒಂದೊಂದನ್ನೂ ತೆರೆದು ಕಣ್ಣಾರೆ ನೋಡಿದ ಹೊರತು ಹಳೆಯದನ್ನು ಅಳಿಸಬೇಡಿರಿ.