ಸೊರಟೂರಿನಲ್ಲಿ ಜೀಪು ಮಲಗಿದ ನಾಲ್ಕು ದಿನ

‘ಗಂಧದ ಗುಡಿ’ ತೆರೆಗೆ ಬಂದದ್ದು 1973ರಲ್ಲಿ. ಆಗ ನಾನು ಹುಟ್ಟಿಯೇ ಇರಲಿಲ್ಲ ಬಿಡಿ. ಆದರೂ ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ಜೀಪಿನಲ್ಲಿ ಕಾಡು ಸುತ್ತೋದನ್ನ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮಿತ್ರರೇ, ನಿಮ್ಮಲ್ಲೂ ಎಷ್ಟೋ ಜನಕ್ಕೆ ಈ ಹುಚ್ಚು ಇದ್ದೀತು. ಹೀರೋಯಿನ್ ಸಿಗದಿದ್ದರೂ ಪರವಾಗಿಲ್ಲ, ಒಂದು ಜೀಪು ಸಿಗಲಿ ಅನ್ನೋ ಹುಚ್ಚು! ನನಗೆ ಅದು ಸಿಕ್ಕಿತು. ಸಿಕ್ಕ ಎರಡನೇ ದಿನಕ್ಕೇ ಕೆಡಿಸಿ ಕೂತೆ.

ಜೀಪು ನಮ್ಮ ಸೋದರಮಾವನದು. ಮಾಮಾ ಇರೋದು ಗದಗ ಸೀಮೆಯ ಸೊರಟೂರಿನಲ್ಲಿ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದರೆ ಅಣ್ಣಿಗೇರಿ ದಾಟಿ ಗದಗ ಸುಮಾರು 60 ಕಿಲೋಮೀಟರ್. ಅಲ್ಲಿ ಇಳಿದು, ಸ್ಟ್ಯಾಂಡಿನಲ್ಲಿ ಒಂದು ಪ್ಲೇಟ್ ಮಿರ್ಚಿ ತಿಂದು, ಮುಳಗುಂದದ ಕಡೆ ಹೋಗುವ ಬಸ್ಸು ಹಿಡಿಯಬೇಕು. ಊರು ಬಂದಾಗ ಮೊದಲು ಕಾಣೋದು ಎರಿ ಹೊಲ. ಕಣ್ಣು ಹಾಯೋವರೆಗೂ ಕಪ್ಪು ನೆಲ. ಮೂಡಣ ದಿಕ್ಕಿನಲ್ಲಿ ಕಪ್ಪತಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು. ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದ್ದಾರೆ.

ಬೇಸಗೆಯಲ್ಲಿ ಈ ಎರಿ ನೆಲ ಕಾಲು ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಮಳೆ ಬಿದ್ದರೆ ಹಲಸಿನ ಅಂಟು! ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿ ಒಂದೊಂದು ಸೇರು ತೂಗುತ್ತದೆ. ಗಾಡಿಯ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿಕೊಂಡು ಗಾಲಿ ತಿರುಗೋದೇ ನಿಂತು ಹೋಗುತ್ತದೆ. ಅದಕ್ಕೇ ಮಾಮಾ ಆ ಹಳೆ ಮಹೀಂದ್ರಾ ಸಿಜೆ 3ಬಿ ಜೀಪನ್ನ ಮಗನಂತೆ ಸಾಕಿದ್ದು. ಬಾನೆಟ್ಟು ಎತ್ತರದ್ದು, ಮೂತಿ ಮೊಂಡ. ಅಮೆರಿಕದ ವಿಲ್ಲೀಸ್ ಕಂಪನಿ ಈ ಮಾಡೆಲ್ಲನ್ನು 1968ಕ್ಕೆ ನಿಲ್ಲಿಸಿತು. ನಮ್ಮ ದೇಶದಲ್ಲಿ ಅದು ಆಮೇಲೂ ಬಹಳ ವರ್ಷ ತಯಾರಾಯಿತು.

ನಾನು ಹೋದಾಗ ಶ್ರಾವಣ. ಹೆಸರು ಕಾಯಿ ಕಟ್ಟಿ ಕಪ್ಪಗಾಗಿತ್ತು. ಹೆಸರಿನ ಸುಗ್ಗಿ ಅಂದರೆ ಮಳೆಯ ಜೊತೆ ಪಂದ್ಯ. ಬಲಿತ ಕಾಯಿ ಮಳೆಗೆ ಸಿಕ್ಕರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಮೊಳಕೆ ಬಂದ ಕಾಳಿಗೆ ಪೇಟೆಯಲ್ಲಿ ರೇಟಿಲ್ಲ. ಆಳುಗಳನ್ನ ಹೊಲಕ್ಕೆ ಒಯ್ಯೋದು, ಬಿಡಿಸಿದ ಕಾಯಿ ಚೀಲಗಳನ್ನ ಸಂಜೆ ಮನೆಗೆ ತರೋದು, ಎರಡಕ್ಕೂ ಈ ಜೀಪೇ ಗತಿ. ಸುಗ್ಗಿಯಲ್ಲಿ ಬಾಡಿಗೆ ಟ್ರ್ಯಾಕ್ಟರ್ ಸಿಗೋದು ಅಷ್ಟರಲ್ಲೇ ಇದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆ ಕೇಳಿ.

ಈ ಜೀಪಿನಲ್ಲಿ ಗೇರ್ ರಾಡಿನ ಪಕ್ಕ ಇನ್ನೆರಡು ಗಿಡ್ಡ ರಾಡುಗಳಿವೆ. ಅವು ಹೋಗೋದು ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡ ಇನ್ನೊಂದು ಕಬ್ಬಿಣದ ಡಬ್ಬಿಗೆ. ಅದೇ ಟ್ರಾನ್ಸ್‌ಫರ್ ಕೇಸ್. ಮಿಸ್ತ್ರಿಗಳ ಬಾಯಲ್ಲಿ ಬರೀ ‘ಟ್ರಾನ್ಸ್‌ಫರ್’. ಇಂಜಿನ್ನಿನ ಶಕ್ತಿಯನ್ನ ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಹಂಚೋದು ಇದರ ಕೆಲಸ. ಒಂದು ರಾಡು ಎಳೆದರೆ ಮುಂದಿನ ಗಾಲಿಯೂ ದುಡಿಯುತ್ತದೆ. ಇನ್ನೊಂದನ್ನ ‘ಲೋ’ಗೆ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಎಳೆತ ಅಷ್ಟೇ ಪಟ್ಟು ಏರುತ್ತದೆ. ಕೆಸರಿನಲ್ಲಿ ಹೂತ ಗಾಡಿ ಆನೆಯ ಹಾಗೆ ಎದ್ದು ಬರುತ್ತದೆ!

ಭಾನುವಾರ ಸಂಜೆ ಹೊಲದಿಂದ ಬಂದವನೇ ಊರಿನ ನಾಲ್ಕು ಹುಡುಗರನ್ನ ಹಿಂದೆ ಹತ್ತಿಸಿಕೊಂಡು ಗದಗಕ್ಕೆ ಸಿನಿಮಾಕ್ಕೆ ಹೊರಟೆ. ಹುಡುಗರೆದುರು ಸ್ಟೈಲು ಬೇಕಲ್ಲ? ಮುಂದಿನ ಗಾಲಿಯ ರಾಡು ಎಳೆದಿದ್ದು ಎಳೆದ ಹಾಗೇ ಇತ್ತು. ‘ಫೋರ್ ವ್ಹೀಲ್ ಹಾಕೇನಿ ನೋಡ್ರಲೇ’ ಅಂತ ಡಾಂಬರ್ ರಸ್ತೆಯ ಮೇಲೆ ಪೂರ್ತಿ ವೇಗದಲ್ಲಿ ಬಿಟ್ಟೆ. ಚಿತ್ರ ಯಾವುದು ಅಂತ ಕೇಳಬೇಡಿ. ಚೆನ್ನಾಗಿರಲಿಲ್ಲ. ಬರುವಾಗ ಸ್ಟಿಯರಿಂಗು ಬಿಗಿ ಅನ್ನಿಸಿತು, ಕೆಳಗೆ ಬೆಕ್ಕು ಅತ್ತ ಹಾಗೆ ಒಂದು ಸದ್ದು. ರೇಡಿಯೋ ಜೋರು ಮಾಡಿದೆ. ಮುಳಗುಂದ ದಾಟಿ ಒಂದು ತಿರುವು... ‘ಖಡ್’! ಆಮೇಲೆ ಇಂಜಿನ್ ಕೂಗುತ್ತಿತ್ತು, ಗಾಡಿ ನಿಂತೇ ಇತ್ತು.

ಟಾರ್ಚು ಹಾಕಿ ಬಗ್ಗಿ ನೋಡಿದೆ. ಡಬ್ಬಿ ಸೀಳಿತ್ತು. ಸೀಳಿನಿಂದ ಒಂದು ಹನಿ ಎಣ್ಣೆಯೂ ಬೀಳಲಿಲ್ಲ. ಎಣ್ಣೆ ಇದ್ದರೆ ತಾನೇ ಬೀಳೋದು? ಹಿಂದಿನ ದಿನವೇ ಅಂಗಳದಲ್ಲಿ ಜೀಪಿನಡಿ ಕಪ್ಪು ಮಡು ನೋಡಿದ್ದೆ. ಮಾಮಾಗೆ ಹೇಳಿರಲಿಲ್ಲ.

ಸೋಮವಾರ ಮುಂಜಾನೆ ಗದಗಿನಿಂದ ಮಿಸ್ತ್ರಿ ಚಾಚಾ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಪಾನಾಗಳ ಚೀಲ. ರಸ್ತೆಯ ಮೇಲೇ ಎರಡೂ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿಸಿ, ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಸೊರಟೂರಿಗೆ ಎಳೆಸಿದರು. ಅಂಗಳದಲ್ಲಿ ನಿಲ್ಲಿಸಿ ನಾನು ಹ್ಯಾಂಡ್ ಬ್ರೇಕು ಎಳೆದರೆ ಜೀಪು ಮೆಲ್ಲಗೆ ಬಾವಿಯ ಕಡೆ ಹೊರಡಬೇಕೆ!

‘ಕಲ್ಲು ಹಚ್ಚಪಾ ಬೇಟಾ, ಕಲ್ಲು! ಈ ಗಾಡಿದು ಹ್ಯಾಂಡ್ ಬ್ರೇಕಿನ ಡ್ರಮ್ ಟ್ರಾನ್ಸ್‌ಫರಿನ ಬೆನ್ನ ಮ್ಯಾಲೆ ಐತಿ. ಶಾಫ್ಟ್ ಬಿಚ್ಚಿದ ಮ್ಯಾಲೆ ಬ್ರೇಕ್ ಯಾರನ್ನ ಹಿಡೀಬೇಕು?’

ಬೇವಿನ ಮರದ ಕೆಳಗೆ ಕೆಲಸ ಶುರುವಾಯಿತು. ಮಾಮಾ ಮಾತೇ ಆಡಲಿಲ್ಲ, ಮೋಡ ನೋಡುತ್ತಾ ಕಟ್ಟೆಯ ಮೇಲೆ ಕೂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಗಿಂದ ಅತ್ತಿ ಚಹಾ ತಂದು, ‘ಕುಡಿ ಬಾರೋ ಅಳಿಯಾ’ ಅಂದಾಗ ಗಂಟಲಲ್ಲಿ ಇಳಿಯಲಿಲ್ಲ.

ನೆಲದ ತಗಡು ಬಿಚ್ಚಿ, ರಾಡು ತೆಗೆದು, ಸ್ಪೀಡೋಮೀಟರ್ ಕೇಬಲ್ ಕಳಚಿ, ಡಬ್ಬಿಯ ಹಿಂದಿನ ಮುಚ್ಚಳ ತೆಗೆದರು. ಒಳಗೆ ಗೇರ್‌ಬಾಕ್ಸಿನ ಮೇನ್ ಶಾಫ್ಟಿನ ತುದಿಗೆ ಒಂದು ಹಲ್ಲಿನ ಚಕ್ರ, ಅದಕ್ಕೆ ನಟ್ಟು. ಅದನ್ನ ಬಿಚ್ಚಿದ ನಾನು ಉತ್ಸಾಹದಲ್ಲಿ ಡಬ್ಬಿಗೆ ಕೈ ಹಾಕಿ ಜಗ್ಗಲು ಹೋದೆ. ಚಾಚಾ ಕೈಗೆ ಪಟ್ ಅಂತ ಹೊಡೆದರು. ಡಬ್ಬಿಯ ಜೊತೆ ಮೇನ್ ಶಾಫ್ಟೂ ಹಿಂದೆ ಸರಿದರೆ ಗೇರ್‌ಬಾಕ್ಸಿನೊಳಗಿನ ಸಾಮಾನು ಉದುರಿ, ಒಂದು ಕೆಲಸ ಎರಡಾಗುತ್ತದಂತೆ. ಅವರು ಗೇರ್‌ಬಾಕ್ಸಿನ ಮೇಲಿನ ಮುಚ್ಚಳ ಬಿಚ್ಚಿ, ತಂತಿಯ ಕುಣಿಕೆಯನ್ನ ಶಾಫ್ಟಿಗೆ ಹಾಕಿ ಬಿಗಿದು, ಮುಂದಿನ ಬೋಲ್ಟಿಗೆ ಕಟ್ಟಿದರು. ಹೋರಿಗೆ ಮೂಗುದಾರ ಹಾಕಿದ ಹಾಗೆ! ಆಮೇಲೆ ಡಬ್ಬಿ ಸಲೀಸಾಗಿ ಹೊರಗೆ ಬಂತು.

ನಡುವಿನ ಗೇರಿನ ಹಲ್ಲುಗಳು ಮುರಿದು ತಳದಲ್ಲಿ ಬಿದ್ದಿದ್ದವು. ಅದು ತಿರುಗುವ ಶಾಫ್ಟು ಸುಟ್ಟು ನೀಲಿಯಾಗಿತ್ತು. ಒಂದು ಮುರಿದ ಹಲ್ಲನ್ನ ನನ್ನ ಅಂಗೈಲಿಟ್ಟು ಚಾಚಾ ಕೇಳಿದರು, ‘ಡಾಂಬರ್ ಮ್ಯಾಲೆ ಫೋರ್ ವ್ಹೀಲ್ ಹಾಕಿದ್ದಿ, ಹೌದಿಲ್ಲೋ?’

ಎಣ್ಣೆ ಇಲ್ಲದ್ದು ಸರಿ, ಇದು ಇವರಿಗೆ ಹೇಗೆ ತಿಳಿಯಿತು? ಅವರು ನೆಲದ ಮೇಲೆ ಎರಡು ಬಾಗಿದ ಗೀಟು ಎಳೆದು ತೋರಿಸಿದರು. ತಿರುವಿನಲ್ಲಿ ಮುಂದಿನ ಗಾಲಿ ಹೊರಗಿನ ದಾರಿಯಲ್ಲಿ ಹೋಗುತ್ತದೆ, ಹಿಂದಿನದು ಒಳಗಿನ ದಾರಿಯಲ್ಲಿ. ಎರಡರ ದೂರ ಬೇರೆ. ಆದರೆ ರಾಡು ಎಳೆದಾಗ ಎರಡು ಶಾಫ್ಟನ್ನೂ ಈ ಡಬ್ಬಿ ಒಂದೇ ಲೆಕ್ಕದಲ್ಲಿ ತಿರುಗಿಸುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ತೀರಿಹೋಗುತ್ತದೆ. ಡಾಂಬರಿನ ಮೇಲೆ ಗಾಲಿ ಜಾರೋದಿಲ್ಲ. ಆಗ ಆ ಹಗೆಯೆಲ್ಲ ಹಲ್ಲಿನ ಮೇಲೆ, ಕ್ರಾಸಿನ ಮೇಲೆ ಕೂರುತ್ತದೆ. ಸ್ಟಿಯರಿಂಗು ಬಿಗಿಯಾದದ್ದು ಅದಕ್ಕೇ. ರೇಡಿಯೋ ಜೋರು ಮಾಡಿದೆನಲ್ಲ, ಆಗ!

ಡಬ್ಬಿ ಸೀಳಿದ್ದರಿಂದ ಬೇರೆಯದೇ ಹಾಕಬೇಕು. ಹುಬ್ಬಳ್ಳಿಯ ಗುಜರಿಗೆ ಹೊರಟ ನನ್ನ ಕೈಗೆ ಚಾಚಾ ಸುಟ್ಟ ಶಾಫ್ಟನ್ನ ಕೊಟ್ಟರು. ‘ನೋಡಾಕ ಎಲ್ಲಾ ಡಬ್ಬಿ ಒಂದ ಥರ. ಒಳಗಿನ ಶಾಫ್ಟ್ ಕೆಲವಕ್ಕ ಸಣ್ಣ, ಕೆಲವಕ್ಕ ದಪ್ಪ. ಅಳತಿ ಹಚ್ಚಿ ತಗೋ. ಮೇನ್ ಚಕ್ರಾನೂ ಅದರ ಜೋಡೀದ ಬೇಕು.’

ಮಂಗಳವಾರ ಮೂರು ಗುಜರಿ ತಿರುಗಿದೆ. ಎರಡನೆಯದರಲ್ಲಿ ಬಣ್ಣ ಬಳಿದ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಮರುಳಾಗಿ ದುಡ್ಡು ತೆಗೆದವನು, ಶಾಫ್ಟು ಹಚ್ಚಿ ನೋಡಿದರೆ ತೆಳುವಿನದು! ಮೂರನೆಯ ಅಂಗಡಿಯಲ್ಲಿ ಮಣ್ಣು ಮೆತ್ತಿದ ಒಂದು ಸಿಕ್ಕಿತು. ಹಲ್ಲು ಸವೆದಿರಲಿಲ್ಲ, ಶಾಫ್ಟು ಅಲ್ಲಾಡಿಸಿದರೆ ಆಟವಿರಲಿಲ್ಲ. ಹೊಸ ಮೊಬೈಲಿಗೆ ಕೂಡಿಟ್ಟ ದುಡ್ಡು ಅಲ್ಲಿಗೆ ಮುಗಿಯಿತು. ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಎತ್ತಿದಾಗ ಕಂಡಕ್ಟರ್ ಚೀಲವನ್ನ ಒಮ್ಮೆ, ನನ್ನನ್ನ ಒಮ್ಮೆ ನೋಡಿ, ಮಾತಿಲ್ಲದೆ ಲಗೇಜ್ ಟಿಕೇಟು ಹರಿದ.

ಸಂಜೆ ಮಾಮಾನ ಜೊತೆ ಹೊಲದ ಬದುವಿನಲ್ಲಿ ನಿಂತೆ. ಅವರು ಮೊದಲ ಸಲ ಮಾತಾಡಿದರು, ಅದೂ ಹೆಸರಿನ ಬಗ್ಗೆ ಅಲ್ಲ. ‘ಇಲ್ಲೇ ದೊಡ್ಡ ಕಾಳಗ ಆಗೇತಿ, ಗೊತ್ತೈತೇನು?’

ಗೊತ್ತಿತ್ತು, ಶಾಲೆಯ ಪುಸ್ತಕದಲ್ಲಿ ಎರಡು ಸಾಲು ಓದಿದ್ದೆ. 1190ರ ಆಸುಪಾಸಿನಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ದೇವಗಿರಿಯ ಸೇವುಣ ದೊರೆ ಐದನೆಯ ಭಿಲ್ಲಮನನ್ನ ಸೋಲಿಸಿದ್ದು ಈ ಸೊರಟೂರಿನಲ್ಲಿ. ಸೇವುಣರ ಕಡೆ 2 ಲಕ್ಷ ಕಾಲಾಳು, 12,000 ಕುದುರೆ ಇದ್ದವೆಂದು ಶಾಸನ ಹೇಳುತ್ತದೆ. ಗೆದ್ದವರು ಕೆತ್ತಿಸಿದ ಲೆಕ್ಕ, ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಬೇಕು. ಗೆದ್ದ ಬಲ್ಲಾಳ ಆಮೇಲೆ ಪಕ್ಕದ ಲಕ್ಕುಂಡಿಯಲ್ಲಿ ಬೀಡುಬಿಟ್ಟ. ನಾನು ನೋಡಿದ ಐತಿಹಾಸಿಕ ಚಿತ್ರಗಳಲ್ಲಿ ಈ ಕಾಳಗ ಎಲ್ಲೂ ಬಂದಿಲ್ಲ. ನಿರ್ಮಾಪಕರೇ, ಕೇಳಿಸಿತೇ?

‘ಆ ಹೊತ್ತಿನ್ಯಾಗ ಮಳಿ ಬಂದಿದ್ದರ ಅಷ್ಟೂ ಕುದರಿ ಈ ಎರಿಯೊಳಗ ಸಿಕ್ಕೊಂತಿದ್ದವು’ ಅಂದರು ಮಾಮಾ. ಹಾಗೆನ್ನುತ್ತಲೇ ಕಪ್ಪತಗುಡ್ಡದ ಮೇಲಿನ ಕಪ್ಪನ್ನ ನೋಡಿದರು.

ಬುಧವಾರ ಬೆಳಗಿಂದ ಜೋಡಣೆ. ಡಬ್ಬಿ ಹಳೆಯದಾದರೂ ಬೇರಿಂಗು, ಆಯಿಲ್ ಸೀಲು, ಪ್ಯಾಕಿಂಗು ಹೊಸವು. ಕಡ್ಡಿಯಂಥ ಬೇರಿಂಗಿನ ರೋಲರುಗಳನ್ನ ಗ್ರೀಸಿನಲ್ಲಿ ಅಂಟಿಸಿ, ಶಾಫ್ಟು ತೂರಿಸೋದು ಎಂಥ ತಾಳ್ಮೆಯ ಕೆಲಸ! ನಾನು ಎರಡು ಸಲ ಉದುರಿಸಿದೆ. ಮೂರನೇ ಸಲ ಚಾಚಾ ಹುಡುಕಿ ಹುಡುಕಿ ಎಣಿಸಿ, ಒಂದು ಕಮ್ಮಿ ಅಂದರು. ಅರ್ಧ ಗಂಟೆ ಮಣ್ಣು ಜರಡಿ ಹಿಡಿದೆ. ನನ್ನ ಅಂಗಿಯ ಜೇಬಿನಲ್ಲಿತ್ತು. ತಂತಿ ಕಟ್ಟಿದ್ದ ಶಾಫ್ಟಿಗೆ ಡಬ್ಬಿ ಏರಿಸಿ, ನಟ್ಟು ಬಿಗಿದು, ಪಿನ್ನು ಮಡಿಚಿ, ತಂತಿ ಬಿಚ್ಚಿ, ತೂತಿನ ಬಾಯಿಗೆ ಬರೋವರೆಗೆ 90ರ ಗೇರ್ ಎಣ್ಣೆ ತುಂಬಿದಾಗ ಕತ್ತಲಾಗಿತ್ತು. ಕೂಲಿ ಎಷ್ಟು ಅಂತ ಮಾಮಾ ಕೇಳಿದರೆ ಚಾಚಾ, ‘ಈ ಹುಡಗನ ಕೂಲಿ ಮುರಕೊಂಡು ಕೊಡ್ರಿ’ ಅಂದು ನಕ್ಕರು.

ಆ ರಾತ್ರಿ ಹನಿ ಉದುರಿತು. ಜಾಸ್ತಿ ಅಲ್ಲ, ನೆಲ ಅಂಟಾಗುವಷ್ಟು. ಗುರುವಾರ ನಸುಕಿನಲ್ಲಿ ಹದಿಮೂರು ಜನ ಆಳುಗಳನ್ನ ಹೇರಿಕೊಂಡು ಹೊಲದ ದಾರಿಗಿಳಿದೆವು. ಮಾಮಾ ಕೀಲಿ ನನ್ನ ಕೈಗೇ ಕೊಟ್ಟಿದ್ದರು. ಮೊದಲ ತಗ್ಗಿನಲ್ಲೇ ಹಿಂದಿನ ಗಾಲಿ ಗರಗರ ತಿರುಗಿತು. ರಾಡು ಎಳೆದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮುಂದಿನ ಗಾಲಿ ಎರಿಯನ್ನ ಕಚ್ಚಿ ಹಿಡಿದು, ಜೀಪು ಎದ್ದು ಬಂತು. ಹಿಂದಿನಿಂದ ಹೆಣ್ಣಾಳುಗಳು ಥಿಯೇಟರಿನಲ್ಲಿ ಹೊಡೆದ ಹಾಗೆ ಸಿಳ್ಳೆ ಹೊಡೆದರು! ಸಂಜೆಯೊಳಗೆ ಮುಕ್ಕಾಲು ಹೊಲದ ಕಾಯಿ ಮನೆ ಸೇರಿತು. ಉಳಿದ ಕಾಲು ಭಾಗದಲ್ಲಿ ಅಲ್ಲಲ್ಲಿ ಮೊಳಕೆ ಕಂಡಿತ್ತು. ಅದರ ಬಗ್ಗೆ ಮಾಮಾ ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ.

ಬರುವಾಗ ಹೊಲದ ದಾರಿ ಮುಗಿದು ಡಾಂಬರ್ ಕಂಡ ಕೂಡಲೇ ಗಾಡಿ ನಿಲ್ಲಿಸಿ ರಾಡು ಹಿಂದಕ್ಕೆ ಹಾಕಿದೆ. ಮಾಮಾ ಕಿಟಕಿಯ ಹೊರಗೆ ನೋಡುತ್ತಿದ್ದರು.

ಶುಕ್ರವಾರ ಎದ್ದವನೇ ಜೀಪಿನಡಿ ಬಗ್ಗಿದೆ. ಹನಿ ಬಿದ್ದರೆ ತಿಳಿಯಲಿ ಅಂತ ಮಾಮಾ ರಾತ್ರಿಯೇ ಅಲ್ಲೊಂದು ಹಳೆ ಸಿನಿಮಾ ವಾರಪತ್ರಿಕೆ ಹಾಸಿದ್ದರು, ನಾನೇ ಬಸ್ ಸ್ಟ್ಯಾಂಡಿನಲ್ಲಿ ಕೊಂಡು ತಂದದ್ದು. ನಡುಪುಟದ ಹೀರೋ ಮೂಗಿನ ಮೇಲೆ ಸರಿಯಾಗಿ ಒಂದೇ ಒಂದು ಹನಿ. ಗಾಬರಿಯಿಂದ ಚಾಚಾಗೆ ಫೋನ್ ಹಚ್ಚಿದೆ.

‘ಒಂದು ಹನಿ ಏನೂ ಆಗೂದಿಲ್ಲ ಬೇಟಾ. ಹಳೇ ಜೀಪು. ಹನಿ ಪೂರಾ ನಿಂತ ದಿನ ಮೊದಲು ಎಣ್ಣಿ ನೋಡು’ ಅಂದರು.