ಟೇಪು ಹಿಡಿದವರು

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಮುಂದೆ ಬೀಳುವುದು ಯಾವ ಮನೆ ಎಂಬ ಸುದ್ದಿ ಮನೆಯವರ ಬಾಯಿಂದ ಬರುವ ಮೊದಲೇ ಟೇಪಿನಿಂದ ಬರುತ್ತದೆ. ಬೆಳಿಗ್ಗೆ ಹಾಲು ತರುವ ಹೊತ್ತಿಗೆ ಇಬ್ಬರು ಹಾಜರು. ಒಬ್ಬ ಈಚೆ ಕಾಂಪೌಂಡಿಗೆ ಟೇಪಿನ ತುದಿ ಒತ್ತಿ ನಿಲ್ಲುತ್ತಾನೆ. ಇನ್ನೊಬ್ಬ ಸ್ಕೂಟರು, ಮಲಗಿದ ನಾಯಿ, ಸೊಪ್ಪಿನ ಗಾಡಿ ಎಲ್ಲ ದಾಟಿಸಿ ಆಚೆ ಕಾಂಪೌಂಡಿನವರೆಗೆ ಎಳೆಯುತ್ತಾನೆ. ಇವರು ಅಳೆಯುವುದು ಸೈಟನ್ನಲ್ಲ, ರಸ್ತೆಯನ್ನು. ರಸ್ತೆ ಅಗಲವಿದ್ದಷ್ಟೂ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ) ಜಾಸ್ತಿ, ಎಫ್‌ಎಆರ್ ಜಾಸ್ತಿಯಾದಷ್ಟೂ ಕಟ್ಟಡ ದೊಡ್ಡದು. ಚರಂಡಿಯನ್ನು ಸೇರಿಸಿ ಅಳೆಯಬೇಕೋ ಬಿಟ್ಟು ಅಳೆಯಬೇಕೋ ಎಂದು ಅವರಿಬ್ಬರೂ ಬಗ್ಗಿ ನೋಡಿ ಚರ್ಚಿಸುತ್ತಾರೆ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. "ಏನ್ ರಾಯರೇ, ಎರಡೂ ಮನೆ ಸೇರಿಸಿ ಜೆ.ಡಿ.ಗೆ ಕೊಟ್ರಂತೆ?" ಜಾಯಿಂಟ್ ಡೆವಲಪ್‌ಮೆಂಟ್ ಎನ್ನುವಷ್ಟು ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ. ಸೈಟು ನಮ್ಮದು, ಖರ್ಚು ಬಿಲ್ಡರದು, ಫ್ಲ್ಯಾಟು ಇಬ್ಬರಿಗೂ.

ಈ ಬಡಾವಣೆ ಬೆಳೆದದ್ದೇ ಇಕ್ಕಟ್ಟಿಗೆ ಹೆದರಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ದಿಕ್ಕಾಪಾಲಾದಾಗ, ಗಾಳಿ ಬೆಳಕು ಆಡುವ ಊರು ಬೇಕೆಂದು ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ನೇರ ರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ. ಆ ಖಾಲಿ ಜಾಗದ ಹೆಸರೇ ಈಗ ಸೆಟ್‌ಬ್ಯಾಕು. ನಕ್ಷೆಯಲ್ಲಿ ಅದು ಧಾರಾಳವಾಗಿರುತ್ತದೆ. ಕಟ್ಟಡ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಒಗ್ಗರಣೆ ಘಾಟಿಗೆ ನಮ್ಮ ಮನೆಯಲ್ಲಿ ಸೀನು.

ಇಂಥದೊಂದು ಜೆ.ಡಿ. ಕಟ್ಟಡಕ್ಕೆ ಆಕ್ಷೇಪಣೆ ಸಲ್ಲಿಸೋಣ ಎಂದು ನಾಲ್ಕು ಮನೆಯವರು ಹೊರಟೆವು. ಬೀದಿಯ ನಿವೃತ್ತ ಎಂಜಿನಿಯರು ತಡೆದು ಕೇಳಿದರು: "ವಸತಿ ವಲಯದಲ್ಲಿ ವಸತೀನೇ ಕಟ್ತಿದಾರಲ್ಲ ಸ್ವಾಮಿ, ನಿಮ್ಮನ್ನ ಯಾಕೆ ಕೇಳಬೇಕು?" ನಿಜ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕಾದದ್ದು ಭೂ ಉಪಯೋಗ ಬದಲಾದಾಗ ಮಾತ್ರ. ಅಜ್ಜ ಅಜ್ಜಿ ಇಬ್ಬರೇ ಇದ್ದ ಮನೆಯ ಜಾಗದಲ್ಲಿ ಎಂಟು ಸಂಸಾರ ಬಂದರೂ ಕಾನೂನಿನ ಕಣ್ಣಿಗೆ ಬದಲಾವಣೆ ಏನೂ ಇಲ್ಲ, ಆಗಲೂ ವಸತಿ, ಈಗಲೂ ವಸತಿ. ಬೀದಿಯ ಅಡಿಯಲ್ಲಿರುವ ಹಳೆಯ ಒಳಚರಂಡಿ ಕೊಳವೆಗೆ ಈ ವಿಷಯವನ್ನು ಯಾರೂ ತಿಳಿಸಿಲ್ಲ.

ನಾನು ಫ್ಲ್ಯಾಟಿನ ವಿರೋಧಿಯಲ್ಲ. ಸೋರುವ ಮಂಗಳೂರು ಹೆಂಚಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಳೆಗಾಲ ಕಳೆದ ಅಜ್ಜಿಗೆ "ಪರಂಪರೆ ಉಳಿಸಿ" ಎಂದು ಹೇಳುವ ಮುಖ ನನಗಿಲ್ಲ. ಅವರಿಗೆ ಲಿಫ್ಟು ಬೇಕು, ಮೂರು ಮಕ್ಕಳಿಗೆ ಪಾಲು ಬೇಕು. ಅಲ್ಲದೆ ನಮ್ಮ ಆಕ್ಷೇಪಣಾ ತಂಡವೂ ಅಂಥ ಸಾಚಾ ಏನಲ್ಲ. ಒಬ್ಬರ ಮನೆ ಮಹಡಿ ಪೂರ್ತಿ ಪಿ.ಜಿ.; ಇನ್ನೊಬ್ಬರು ಕಾರು ನಿಲ್ಲಿಸಲೆಂದು ಮಂಜೂರಾದ ಸ್ಟಿಲ್ಟಿನಲ್ಲಿ ಬ್ಲೌಸ್ ಹೊಲಿಯುವವರನ್ನು ಕೂರಿಸಿ ಬಾಡಿಗೆ ಎಣಿಸುತ್ತಿದ್ದಾರೆ, ಅವರ ಕಾರು ನಮ್ಮ ಗೇಟಿನ ಮುಂದೆ. ಬೀದಿ ಹೀಗೇ ಇರಲಿ, ನಮ್ಮ ಸೈಟಿಗೊಂದು ವಿನಾಯಿತಿ ಇರಲಿ ಎಂಬುದೇ ಎಲ್ಲರ ವಲಯ ನೀತಿ.

ಹಾಗಿದ್ದರೆ ಮಾತಾಡಬೇಕಾದ ಜಾಗ ಯಾವುದು? ಬೀದಿಗೆ ಎಷ್ಟು ಎತ್ತರ, ಎಷ್ಟು ಜನ, ಎಷ್ಟು ಅಂಗಡಿ ಎಂದು ಮಹಾಯೋಜನೆ ಬರೆಯುವಾಗ. ಹೆಸರಿನಲ್ಲಿ 2015 ಇಟ್ಟುಕೊಂಡು 2007ರಲ್ಲಿ ಮಂಜೂರಾದ ಯೋಜನೆಯೇ ಇಂದಿಗೂ ನಮ್ಮನ್ನು ಆಳುತ್ತಿದೆ. 2031ರ ಕರಡು 2017ರ ನವೆಂಬರಿನಲ್ಲಿ ಹೊರಬಂತು, ಸಾವಿರಾರು ಆಕ್ಷೇಪಣೆ ಬಂದವು, ಕೊನೆಗೆ ಸರ್ಕಾರ ಕರಡನ್ನೇ ವಾಪಸು ಪಡೆಯಿತು. ಆ ಸಾವಿರಾರರಲ್ಲಿ ನಮ್ಮ ಬೀದಿಯದು ಒಂದೂ ಇರಲಿಲ್ಲವೆಂದು ವಿಚಾರಿಸಿದಾಗ ಗೊತ್ತಾಯಿತು. ಆಗ ಯಾರ ಕೈಯಲ್ಲೂ ಟೇಪು ಇರಲಿಲ್ಲವಲ್ಲ!

ಮುಂದಿನ ಕರಡು ಬಂದೇ ಬರುತ್ತದೆ. ಬಂದ ದಿನ ನಕ್ಷೆಯಲ್ಲಿ ನಿಮ್ಮ ಬೀದಿ ಹುಡುಕಿ, ಯಾವ ಬಣ್ಣ ಬಳಿದಿದ್ದಾರೆ ನೋಡಿ. ಬೇಡವೆನ್ನಿಸಿದರೆ ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಡಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.